ದೂರು ಅಳಿಸಿದರೆ ಅರ್ಧ ದುಡ್ಡು ವಾಪಸ್ ಅನ್ನುತ್ತಿದ್ದಾರೆ, ಏನು ಮಾಡಲಿ?

ಹೊಸಹೆಜ್ಜೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಎಂಬಿಎ ಸೇರಲು ಬರೆಯುವ ಜಿಮ್ಯಾಟ್ ಪರೀಕ್ಷೆಯ ತಯಾರಿಗೆ ಒಂದು ಆನ್‌ಲೈನ್ ಕೋರ್ಸ್ ತಗೊಂಡಿದ್ದೆ. ಕಂಪನಿ ಹೆಸರು ಇಲ್ಲಿ ಬೇಡ. ವಿಡಿಯೊ ಪಾಠ, ಪ್ರಶ್ನೆ ಬ್ಯಾಂಕ್, ಎಂಟು ಮಾಕ್ ಟೆಸ್ಟ್, ಜೊತೆಗೆ ‘ಅಂಕ ಏರದಿದ್ದರೆ ಹಣ ವಾಪಸ್’ ಅನ್ನುವ ಗ್ಯಾರಂಟಿ. ಆರು ತಿಂಗಳು ಬೆಳಿಗ್ಗೆ ಬೇಗ ಎದ್ದು, ಕೆಲಸಕ್ಕೆ ಹೋಗುವ ಮುಂಚೆ ಎರಡು ಗಂಟೆ ಕೂತು ಓದಿದ್ದೇನೆ. ಕೊನೆಯ ಮಾಕ್‌ನಲ್ಲಿ 680 ಬಂತು. ನಿಜವಾದ ಪರೀಕ್ಷೆಯಲ್ಲಿ ಬಂದಿದ್ದು 615. ಪರದೆ ಮೇಲೆ ಆ ಅಂಕ ನೋಡಿದಾಗ ಕುರ್ಚಿಯಿಂದ ಏಳುವುದಕ್ಕೂ ಆಗಲಿಲ್ಲ.

ಗ್ಯಾರಂಟಿ ಪ್ರಕಾರ ಹಣ ಕೇಳಿದೆ. ‘ನೀವು ಶೇ 94ರಷ್ಟು ಪಾಠ ಮಾತ್ರ ಮುಗಿಸಿದ್ದೀರಿ, ಷರತ್ತಿನಲ್ಲಿ ಶೇ 100 ಅಂತಿದೆ’ ಎಂದರು. ನಾನು ಬಿಟ್ಟ ಪಾಠಗಳು ಯಾವುವು ಅಂತ ನೋಡಿದರೆ ಎಲ್ಲವೂ ಜ್ಯಾಮಿತಿ! ಈಗಿನ ಜಿಮ್ಯಾಟ್‌ನ ಕ್ವಾಂಟ್ ಅನ್ನುವ ಗಣಿತ ವಿಭಾಗದಲ್ಲಿ ಜ್ಯಾಮಿತಿಯೇ ಇಲ್ಲ, ಅದಕ್ಕೇ ಬಿಟ್ಟಿದ್ದೆ. ಇದನ್ನು ಬರೆದು ಮೂರು ಇಮೇಲ್ ಕಳಿಸಿದೆ. ಮೂರು ವಾರ ಉತ್ತರ ಇಲ್ಲ.

ಕೊನೆಗೆ ಎಲ್ಲರಿಗೂ ಕಾಣುವಂತೆ ಅವರ ವಿಮರ್ಶೆ ಪುಟದಲ್ಲಿ ಬರೆದೆ. ಸಿಟ್ಟಿತ್ತು, ‘ಬೇಕಂತಲೇ ಮಾಕ್ ಅಂಕ ಉಬ್ಬಿಸಿ ಮೋಸ ಮಾಡುತ್ತಾರೆ’ ಅಂತಲೇ ಬರೆದೆ. ಎರಡೇ ಗಂಟೆಯಲ್ಲಿ ಉತ್ತರ ಬಂತು: ‘ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ, ವಿದ್ಯಾರ್ಥಿಗಳ ಯಶಸ್ಸೇ ನಮ್ಮ ಗುರಿ, ದಯವಿಟ್ಟು ಖಾಸಗಿಯಾಗಿ ಸಂದೇಶ ಕಳಿಸಿ.’ ಕಳಿಸಿದೆ. ಅಲ್ಲಿ ಹೇಳಿದ್ದು ಇಷ್ಟು: 48 ಗಂಟೆಯೊಳಗೆ ವಿಮರ್ಶೆ ಅಳಿಸಿದರೆ ಅರ್ಧ ಹಣ ವಾಪಸ್. ನಾನು ಯೋಚನೆ ಮಾಡುತ್ತಿರುವಾಗಲೇ ಅದೇ ಪುಟದಲ್ಲಿ ಇನ್ನೊಂದು ಉತ್ತರ ಹಾಕಿದರು, ‘ಈ ವಿದ್ಯಾರ್ಥಿ ಕೋರ್ಸ್ ಮುಗಿಸಿಲ್ಲ, ಕೊನೆಯ ತಿಂಗಳಲ್ಲಿ 11 ದಿನ ಲಾಗಿನ್ ಆಗೇ ಇಲ್ಲ’ ಅಂತ. ಆ 11 ದಿನ ಮನೆಯಲ್ಲಿ ಹುಷಾರಿಲ್ಲದವರ ಪಕ್ಕ ಕೂತಿದ್ದೆ. ಅದನ್ನು ಊರಿಗೆಲ್ಲ ಹೇಳಬೇಕಾ ನಾನೀಗ?

ಮತ್ತೆ ಪರೀಕ್ಷೆ ಬರೆಯಲು ಹಣ ಬೇಕು, ಅರ್ಧವಾದರೂ ಸಿಗುತ್ತಲ್ಲ ಅನಿಸುತ್ತದೆ. ಅಳಿಸಲಾ? ಅನುಭವ ಇದ್ದವರು ಹೇಳಿ.

ಲೆಕ್ಕದಮೇಷ್ಟ್ರು:

ನಿಮ್ಮ ಪೋಸ್ಟ್ ಓದುತ್ತಾ ಆ 680ರ ಹತ್ತಿರ ನಿಂತುಬಿಟ್ಟೆ. ಈಗಿನ ಜಿಮ್ಯಾಟ್‌ನಲ್ಲಿ 680 ಅನ್ನುವ ಅಂಕವೇ ಇಲ್ಲ. ಒಟ್ಟು ಅಂಕ 205ರಿಂದ 805ರವರೆಗೆ, ಹತ್ತತ್ತರ ಮೆಟ್ಟಿಲು, ಹಾಗಾಗಿ ಕೊನೆಯಲ್ಲಿ ಯಾವಾಗಲೂ 5 ಇರುತ್ತದೆ. 675 ಉಂಟು, 685 ಉಂಟು. ಸೊನ್ನೆಯಲ್ಲಿ ಮುಗಿಯುತ್ತಿದ್ದದ್ದು 200ರಿಂದ 800ರವರೆಗಿನ ಹಳೇ ಪರೀಕ್ಷೆ. ಹೊಸದು 2023ರ ನವೆಂಬರ್‌ನಲ್ಲಿ ಶುರುವಾಯಿತು, ಹಳೆಯದು 2024ರ ಜನವರಿ ಕೊನೆಗೆ ನಿಂತೇ ಹೋಯಿತು.

ಅಂದರೆ ಅವರು ನಿಮಗೆ ಹಳೇ ಅಳತೆಗೋಲಿನಲ್ಲಿ ಅಂಕ ಕೊಟ್ಟಿದ್ದಾರೆ. ಪರೀಕ್ಷೆ ನಡೆಸುವವರೇ ಕೊಟ್ಟ ಹೋಲಿಕೆ ಪಟ್ಟಿಯಲ್ಲಿ ಹಳೇ 700ಕ್ಕೆ ಹೊಸ 645 ಸುಮಾರಾಗಿ ಸಮ. ಹಾಗಾದರೆ ನಿಮ್ಮ 680 ಹೊಸ ಲೆಕ್ಕದಲ್ಲಿ 645ಕ್ಕಿಂತ ಕೆಳಗೇ ಬರುತ್ತದೆ, ಅಲ್ವಾ? ನೀವು ಅಂದುಕೊಂಡಷ್ಟು ಬಿದ್ದಿಲ್ಲ. ಇದು ಮೊದಲು ಮನಸ್ಸಿಗೆ ಬರಲಿ.

ಒಂದು ಕೇಳುತ್ತೇನೆ. ಮಾಕ್‌ಗಳ ಕ್ವಾಂಟ್ ವಿಭಾಗದ ಒಳಗೆ ಡೇಟಾ ಸಫಿಶಿಯೆನ್ಸಿ, ಅಂದರೆ ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕಾ ಅಂತ ಕೇಳುವ ಪ್ರಶ್ನೆಗಳು ಬರುತ್ತಿದ್ದವಾ? ವರ್ಬಲ್‌ನಲ್ಲಿ, ಅಂದರೆ ಭಾಷೆಯ ವಿಭಾಗದಲ್ಲಿ, ವಾಕ್ಯ ತಿದ್ದುವ ಪ್ರಶ್ನೆಗಳು?

ಹೊಸಹೆಜ್ಜೆ:

ಮೇಷ್ಟ್ರೇ, ಈಗಷ್ಟೇ ತೆಗೆದು ನೋಡಿದೆ. ಕೊನೆಯ ಮಾಕ್‌ನ ಕ್ವಾಂಟ್‌ನಲ್ಲಿ 21 ಪ್ರಶ್ನೆ, 45 ನಿಮಿಷ, ಅದು ಸರಿಯಾಗಿಯೇ ಇದೆ. ಆದರೆ ಒಳಗೆ ಆರು ಡೇಟಾ ಸಫಿಶಿಯೆನ್ಸಿ, ಮೂರು ಜ್ಯಾಮಿತಿ. ಒಂದರಲ್ಲಿ ಚೌಕದೊಳಗೆ ವೃತ್ತ ಬರೆದು, ಉಳಿದ ಜಾಗದ ವಿಸ್ತೀರ್ಣ ಕೇಳಿದ್ದಾರೆ. ವರ್ಬಲ್‌ನಲ್ಲಿ ವಾಕ್ಯ ತಿದ್ದುವುದು ಏಳು. ಹಿಂದೆ ಚಾಟ್‌ನಲ್ಲಿ ಕೇಳಿದ್ದಾಗ ‘ಹೆಚ್ಚುವರಿ ಅಭ್ಯಾಸಕ್ಕೆ ಇಟ್ಟಿದ್ದೇವೆ’ ಅಂದಿದ್ದರು, ನಂಬಿದ್ದೆ.

ಲೆಕ್ಕದಮೇಷ್ಟ್ರು:

ಹಾಗಾದರೆ ಹೊಸ ಡಬ್ಬಿಯಲ್ಲಿ ಹಳೇ ಪ್ರಶ್ನೆ. ಡೇಟಾ ಸಫಿಶಿಯೆನ್ಸಿ ಈಗ ಡೇಟಾ ಇನ್‌ಸೈಟ್ಸ್ ಅನ್ನುವ ಬೇರೆ ವಿಭಾಗಕ್ಕೆ ಹೋಗಿದೆ. ವಾಕ್ಯ ತಿದ್ದುವುದನ್ನು ತೆಗೆದೇ ಹಾಕಿದ್ದಾರೆ. ‘ಬೇಕಂತಲೇ ಅಂಕ ಉಬ್ಬಿಸಿದರು’ ಅನ್ನುವುದನ್ನು ನೀವು ತೋರಿಸಲಾರಿರಿ, ಬಹುಶಃ ಅದು ನಿಜವೂ ಅಲ್ಲ. ‘ನಿಂತುಹೋದ ಪರೀಕ್ಷೆಯ ಪ್ರಶ್ನೆ ಮತ್ತು ಅಂಕ ಕೊಟ್ಟಿದ್ದೀರಿ’ ಅನ್ನುವುದಕ್ಕೆ ಸಾಕ್ಷಿ ನಿಮ್ಮ ಕೈಯಲ್ಲೇ ಇದೆ. ದೂರನ್ನು ಹಾಗೆ ತಿದ್ದಿ ಬರೆಯಿರಿ. ಅವರ ಲಾಗಿನ್ ಲೆಕ್ಕಕ್ಕೆ ಉತ್ತರ ಕೊಡಲೇಬೇಡಿ. ನೀವು 11 ದಿನ ಓದಲಿಲ್ಲ ಅನ್ನುವುದಕ್ಕೂ ಅವರ ಮಾಕ್ ಹಳೆಯದು ಅನ್ನುವುದಕ್ಕೂ ಏನು ಸಂಬಂಧ?

ಹಳೇಸಪೋರ್ಟ್:

ಇಂಥದೇ ಒಂದು ಕಂಪನಿಯ ಗ್ರಾಹಕ ವಿಭಾಗದಲ್ಲಿ ಮೂರು ವರ್ಷ ಇದ್ದೆ, ಆ ಕಡೆಯಿಂದ ಹೇಳುತ್ತೇನೆ. ಇಮೇಲ್ ದೂರುಗಳು ಒಂದು ಸಾಲಿನಲ್ಲಿ ಬೀಳುತ್ತವೆ, ವಾರಗಟ್ಟಲೆ ಕೊಳೆಯುತ್ತವೆ. ಬಹಿರಂಗವಾಗಿ ಬಂದ ದೂರು ಬೇರೆ ತಂಡಕ್ಕೆ ಹೋಗುತ್ತದೆ, ಅಲ್ಲಿ ಇಷ್ಟು ಗಂಟೆಯೊಳಗೆ ಉತ್ತರ ಕೊಡಲೇಬೇಕು. ಅದಕ್ಕೇ ಮೂರು ವಾರ ಬಾರದ ಉತ್ತರ ಎರಡು ಗಂಟೆಯಲ್ಲಿ ಬಂತು. ‘ವಿಷಾದಿಸುತ್ತೇವೆ, ಖಾಸಗಿಯಾಗಿ ಬನ್ನಿ’ ಅನ್ನುವುದು ಮೊದಲೇ ಬರೆದಿಟ್ಟ ಸಾಲು. ನಾನೇ ಅದನ್ನು ದಿನಕ್ಕೆ ಹತ್ತಾರು ಸಲ ಅಂಟಿಸಿದ್ದೇನೆ. ಅದು ನಿಮಗೆ ಬರೆದ ಉತ್ತರ ಅಲ್ಲ, ನಾಳೆ ಆ ಪುಟ ನೋಡುವವರಿಗೆ ಬರೆದದ್ದು.

ಅಲ್ಲಿ ಕೂತವರು ಕೆಟ್ಟವರಲ್ಲ. ಪೂರ್ತಿ ಹಣ ವಾಪಸ್ ಮಾಡುವ ಅಧಿಕಾರ ಅವರಿಗೆ ಇರುವುದಿಲ್ಲ, ಮಾಕ್ ತಪ್ಪಾಗಿದೆಯಾ ಅಂತ ಹೇಳುವಷ್ಟು ವಿಷಯವೂ ಗೊತ್ತಿರುವುದಿಲ್ಲ. ನಿಮ್ಮ ದೂರು ಪಾಠ ತಯಾರಿಸುವವರ ಕೈಗೆ ಹೋಗಬೇಕು. ಹೋಗುವುದು ಯಾವಾಗ ಅಂದರೆ ಅದರಲ್ಲಿ ಮಾಕ್ ಸಂಖ್ಯೆ, ಪ್ರಶ್ನೆ ಸಂಖ್ಯೆ, ತಾರೀಕು, ಸ್ಕ್ರೀನ್‌ಶಾಟ್ ಇದ್ದಾಗ. ‘ಮೋಸ’, ‘ಕಳ್ಳರು’ ಅನ್ನುವ ಪದ ಇದ್ದರೆ ನೇರ ವಕೀಲರ ಹತ್ತಿರ ಹೋಗುತ್ತದೆ, ಅಲ್ಲಿಗೆ ಎಲ್ಲರ ಬಾಯಿ ಬಂದ್.

ಅಳಿಸುವ ವಿಚಾರ. ಅಮೆರಿಕದಲ್ಲಿ 2016ರಲ್ಲೇ ಕಾನೂನು ಬಂದಿದೆ, ಗ್ರಾಹಕರು ಪ್ರಾಮಾಣಿಕ ವಿಮರ್ಶೆ ಬರೆಯಬಾರದು ಅಂತ ಕಂಪನಿಯ ಸಿದ್ಧ ಕರಾರಿನಲ್ಲಿ ಇದ್ದರೆ ಆ ಷರತ್ತಿಗೆ ಬೆಲೆ ಇಲ್ಲ. ಆದರೆ ನೀವೇ ಕೂತು ಮಾತಾಡಿ ಒಪ್ಪಿಕೊಳ್ಳುವ ರಾಜಿ ಬೇರೆ, ಅದಕ್ಕೆ ಹೂಂ ಅನ್ನುವ ಮುಂಚೆ ಪ್ರತಿ ಸಾಲು ಓದಿ. 48 ಗಂಟೆ ಅನ್ನುವುದು ಸುಮ್ನೆ ಅವಸರ ಮಾಡಿಸುವುದಕ್ಕೆ. ನನಗೆ ಗೊತ್ತಿದ್ದ ಮಟ್ಟಿಗೆ, ಆ ಗಡುವು ಮುಗಿದ ಮೇಲೂ ಮಾತುಕತೆ ನಡೆಯುತ್ತಿತ್ತು. ಇನ್ನು ನಿಮ್ಮ ಲಾಗಿನ್ ವಿವರ ಬಹಿರಂಗವಾಗಿ ಹಾಕಿದರಲ್ಲ, ಅದು ನಮ್ಮಲ್ಲಿ ಕೆಲಸ ಹೋಗುವಂಥ ತಪ್ಪಾಗಿತ್ತು. ಅದನ್ನು ತೆಗೆಯಲು ಬೇರೆಯಾಗಿ, ಲಿಖಿತವಾಗಿ ಕೇಳಿ.

ಮೂರನೇಸಾಲು:

ನಾನು ಅಳಿಸಿದವಳು. ಬೇರೆ ಪರೀಕ್ಷೆ, ಬೇರೆ ಕಂಪನಿ, ಇದೇ ಕಥೆ. ಆಗ ಹಣದ ಅಗತ್ಯ ಜಾಸ್ತಿ ಇತ್ತು, ತಗೊಂಡೆ. ನಿಮಗೂ ಹಾಗಿದ್ದರೆ ತಗೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಎರಡು ತಿಂಗಳಾದ ಮೇಲೆ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಅದೇ ಕೋರ್ಸ್ ತಗೊಂಡಳು. ‘ವಿಮರ್ಶೆಯೆಲ್ಲ ನೋಡೇ ತಗೊಂಡೆ ಅಕ್ಕ, ಎಲ್ಲ ಚೆನ್ನಾಗೇ ಇತ್ತು’ ಅಂದಳು. ನನಗೆ ಅವಳ ಮುಖ ನೋಡೋಕೆ ಆಗಲಿಲ್ಲ.

ಹೊಸಹೆಜ್ಜೆ:

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅಳಿಸಲಿಲ್ಲ. ‘ಮೋಸ’ ಅನ್ನುವ ಪದ ತೆಗೆದೆ, ಅದು ನನ್ನ ತಪ್ಪು, ಹಾಗಂತ ಅಲ್ಲೇ ಬರೆದೂ ಇದ್ದೇನೆ. ಉಳಿದದ್ದು ಐದೇ ಸಾಲು: ಮಾಕ್ ಸಂಖ್ಯೆ, ಪ್ರಶ್ನೆ ಸಂಖ್ಯೆಗಳು, 680 ಅನ್ನುವ ಅಂಕ ಈಗ ಇಲ್ಲ ಅನ್ನುವುದು, ಪರೀಕ್ಷೆಯಲ್ಲಿಲ್ಲದ ಪಾಠ ಮುಗಿಸಿಲ್ಲ ಅಂತ ಗ್ಯಾರಂಟಿ ತಳ್ಳಿಹಾಕಿದ್ದು, ನನ್ನ ಲಾಗಿನ್ ವಿವರ ತೆಗೆಯಿರಿ ಅನ್ನುವ ಕೋರಿಕೆ.

ನಾಲ್ಕನೇ ದಿನ ಪಾಠ ತಯಾರಿಸುವ ವಿಭಾಗದ ಮುಖ್ಯಸ್ಥೆಯೇ ಬಹಿರಂಗವಾಗಿ ಉತ್ತರ ಕೊಟ್ಟರು. ಎಂಟರಲ್ಲಿ ಐದು ಮಾಕ್ ಹಳೇ ಪ್ರಶ್ನೆ ಬ್ಯಾಂಕ್‌ನಿಂದ ಬಂದಿವೆ, ಹಳೇ ಅಂಕಪದ್ಧತಿಯಲ್ಲೇ ಇವೆ, ಅವನ್ನು ಇವತ್ತೇ ತೆಗೆದಿದ್ದೇವೆ ಅಂತ. ಆ ಮಾಕ್ ಬರೆದ ಎಲ್ಲರಿಗೂ ಇಮೇಲ್ ಹೋಗುತ್ತದಂತೆ. ಜ್ಯಾಮಿತಿ ಪಾಠಗಳನ್ನು ಶೇ 100ರ ಲೆಕ್ಕದಿಂದ ಬಿಟ್ಟರು, ಹಾಗಾಗಿ ಗ್ಯಾರಂಟಿ ಒಪ್ಪಿದರು. ಹಣ ಇನ್ನೂ ಕೈಗೆ ಬಂದಿಲ್ಲ, ಬಂದ ದಿನ ಅದೇ ವಿಮರ್ಶೆಯ ಕೆಳಗೆ ಬರೆಯುತ್ತೇನೆ. ಲಾಗಿನ್ ವಿವರದ ಉತ್ತರ ಸದ್ದಿಲ್ಲದೆ ಮಾಯವಾಗಿದೆ, ಕ್ಷಮೆ ಮಾತ್ರ ಕೇಳಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಎರಡು ಪರೀಕ್ಷೆಗಳ ನಡುವೆ 16 ದಿನ ಇರಬೇಕು ಅನ್ನುವ ನಿಯಮ ಹೇಗೂ ದಾಟಿದೆ, ಮುಂದಿನ ತಿಂಗಳಿಗೆ ಬುಕ್ ಮಾಡಿದ್ದೇನೆ. ಪರೀಕ್ಷೆ ನಡೆಸುವವರೇ ಉಚಿತವಾಗಿ ಕೊಡುವ ಎರಡು ಮಾಕ್‌ಗಳಲ್ಲಿ ಒಂದನ್ನು ಬರೆದೆ. 635. ಮೇಷ್ಟ್ರೇ, ಎರಡನೆಯದನ್ನು ಯಾವಾಗ ಬರೆಯಲಿ?

ಲೆಕ್ಕದಮೇಷ್ಟ್ರು:

ಒಂದು ವಾರ ಮುಂಚೆ. ನಿಮ್ಮ ಪರೀಕ್ಷೆ ಯಾವ ಹೊತ್ತಿಗಿದೆಯೋ ಅದೇ ಹೊತ್ತಿಗೆ ಕೂತು, ಮಧ್ಯೆ ನಿಲ್ಲಿಸದೆ ಬರೆಯಿರಿ. ಅಲ್ಲಿಯವರೆಗೆ ಮೊದಲನೆಯದರಲ್ಲಿ ತಪ್ಪಾದ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದು ನೋಡಿ, ಡೇಟಾ ಇನ್‌ಸೈಟ್ಸ್‌ನಿಂದ ಶುರು ಮಾಡಿ. ಸಿಕ್ಕಿಹಾಕಿಕೊಂಡರೆ ಇಲ್ಲೇ ಹಾಕಿ, ನೋಡೋಣ.