ಮಂಡಿಚಿಪ್ಪಿನ ಕೆಳಗೆ ನೋವು, ಎಂಆರ್‌ಐ ಬೇಕಾ?

ಪ್ರಶ್ನೆ: ವಯಸ್ಸು 27, ವಾಲಿಬಾಲ್ ಆಡುತ್ತೇನೆ. ಮೂರು ತಿಂಗಳಿಂದ ಮಂಡಿಚಿಪ್ಪಿನ ಕೆಳತುದಿಯಲ್ಲಿ, ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ ನೋವು. ಎಕ್ಸ್‌ರೇ ನಾರ್ಮಲ್. ಎಂಆರ್‌ಐ ಸುಮ್ನೆ ಖರ್ಚಾ?

ಉತ್ತರ: ನಾನು ಸ್ಕ್ಯಾನಿಂಗ್ ರೂಮಿನಲ್ಲೇ ಕೆಲಸ ಮಾಡುವವಳು. ಎಕ್ಸ್‌ರೇ ಮುಖ್ಯವಾಗಿ ಮೂಳೆಗೆ. ನಿಮಗೆ ನೋವಿರುವ ಜಾಗದಲ್ಲಿ ಮಂಡಿಚಿಪ್ಪನ್ನು ಕೆಳಗಾಲಿನ ಮೂಳೆಗೆ ಜೋಡಿಸುವ ಟೆಂಡನ್ (ನಾರಿನ ಪಟ್ಟಿ) ಇದೆ. ಅದು ಚರ್ಮದ ಕೆಳಗೇ ಇರುವುದರಿಂದ ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಸ್ವಲ್ಪ ಮಡಿಸುತ್ತೇವೆ. ಟೆಂಡನ್ ಸಡಿಲವಾಗಿದ್ದರೆ ಸರಿಯಾಗಿರುವ ನಾರೂ ಕಪ್ಪಗೆ ಕಂಡು, ಹಾಳಾಗಿದೆ ಅನ್ನಿಸುವಂತೆ ಮೋಸ ಮಾಡುತ್ತದೆ!

ಇನ್ನೊಬ್ಬರು: ಮಂಡಿ ಲಾಕ್ ಆಗುತ್ತಾ, ಅಂದರೆ ಮಡಿಸಲು ಚಾಚಲು ಆಗದೆ ಸಿಕ್ಕಿಕೊಳ್ಳುತ್ತಾ? ಆದರೆ ಎಂಆರ್‌ಐ ಮಾಡಿಸಿ. ಮಂಡಿಯೊಳಗಿನ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ) ಅದರಲ್ಲೇ ಸರಿಯಾಗಿ ಕಾಣೋದು.

ಕೇಳಿದವರು: ಇಲ್ಲ, ನೆಗೆದಾಗ ಮಾತ್ರ ನೋವು.

ಮೊದಲು ಉತ್ತರಿಸಿದವರು: ಹಾಗಾದ್ರೆ ಡಾಕ್ಟರನ್ನು ಅಲ್ಟ್ರಾಸೌಂಡ್ ಬಗ್ಗೆ ಕೇಳಿ. ಎರಡೂ ಮಂಡಿ ನೋಡಿಸಿ. ನೋವೇ ಇಲ್ಲದ ಆಟಗಾರರಲ್ಲೂ ಟೆಂಡನ್ ದಪ್ಪಗಿರುವುದುಂಟು. ಬರೀ ರಿಪೋರ್ಟ್ ಓದಿ ಗಾಬರಿಯಾಗಬೇಡಿ.