‘ಎಕ್ಸ್‌ಪೋಸ್ಡ್’ ಕೂಸಿಗೆ ಕನ್ನಡದಲ್ಲಿ ಏನನ್ನಬೇಕು?

ಕಲಬುರಗಿಯಿಂದ ಬರೆಯುತ್ತಿದ್ದೇನೆ. ಎಚ್‌ಐವಿ ಇರುವ ತಾಯಂದಿರಿಗಾಗಿ ಒಂದು ಚಿಕ್ಕ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡನೆಯ ಸಾಲಿಗೇ ಕೈ ನಿಂತಿತು: ‘ಎಚ್‌ಐವಿ ಎಕ್ಸ್‌ಪೋಸ್ಡ್ ಅನ್‌ಇನ್‌ಫೆಕ್ಟೆಡ್’ ಮಗು. ತಾಯಿಗೆ ವೈರಸ್ ಇದೆ, ಬಸಿರಲ್ಲಿ ಅವಳು ನುಂಗಿದ ಮಾತ್ರೆ ಮಗುವಿನ ಮೈಗೂ ಹರಿದಿದೆ, ಆದರೆ ಮಗುವಿಗೆ ವೈರಸ್ ಬಂದಿಲ್ಲ. ಇದಿಷ್ಟನ್ನೂ ಹೇಳುವ ಒಂದು ಮಾತು ಬೇಕು.

ಮೊದಲ ತೊಡಕು ‘ಸೋಂಕು’ ಪದದ್ದೇ. ವಚನಗಳ ಕಾಲದಲ್ಲಿ ಸೋಂಕು ಎಂದರೆ ಬರೀ ಸ್ಪರ್ಶ. ಆ ಅರ್ಥದಲ್ಲಿ ಈ ಮಗುವಿಗೆ ‘ಸೋಂಕಿದೆ’. ಇಂದಿನ ಅರ್ಥದಲ್ಲಿ ಖಂಡಿತ ಇಲ್ಲ. ಎಕ್ಸ್‌ಪೋಸ್ಡ್, ಇನ್‌ಫೆಕ್ಟೆಡ್ ಎರಡಕ್ಕೂ ಇದ್ದ ಒಂದು ಪದವನ್ನು ನಾವು ರೋಗಕ್ಕೆ ಕೊಟ್ಟುಬಿಟ್ಟಿದ್ದೇವೆ.

‘ಒಡ್ಡಿಕೊಂಡ’ ಎಂದು ಹಲವರು ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಎದೆಯೊಡ್ಡುವುದು, ಕೈಯೊಡ್ಡುವುದು ತಾನಾಗಿ ಮಾಡುವ ಕೆಲಸ. ಹೊಟ್ಟೆಯಲ್ಲಿದ್ದ ಕೂಸು ಯಾವುದಕ್ಕೂ ಒಡ್ಡಿಕೊಳ್ಳಲಿಲ್ಲ. ‘ಒಡ್ಡಲ್ಪಟ್ಟ’ ಯಾರ ಬಾಯಲ್ಲೂ ಹೊರಳುವುದಿಲ್ಲ. ‘ಬಾಧಿತ’ ಎಂದರೆ ಆರೋಗ್ಯವಾಗಿರುವ ಮಗುವನ್ನೂ ರೋಗಿಗಳ ಸಾಲಿಗೆ ತಳ್ಳಿದ ಹಾಗೆ. ‘ಮುಟ್ಟಿದ’ ಅನ್ನೋಣವೆಂದರೆ ಮುಟ್ಟು-ಮೈಲಿಗೆಯ ನೆರಳು ಬೀಳುತ್ತದೆ. ಈ ಕಾಯಿಲೆಯವರು ಆ ನೆರಳನ್ನು ಸಾಕಷ್ಟು ಕಂಡಿದ್ದಾರೆ.

ಒಂದೇ ಪದಕ್ಕೆ ಇಷ್ಟು ಹಟವೇಕೆ ಎಂದು ಕೇಳಬಹುದು. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ವೈರಸ್ ದಾಟುವ ಸಂಭವ ನೂರಕ್ಕೆ 15ರಿಂದ 45. ಒಳ್ಳೆಯ ಚಿಕಿತ್ಸೆಯಲ್ಲಿ 5ಕ್ಕಿಂತ ಕಡಿಮೆ. ಜಿಡೊವುಡಿನ್ ಎಂಬ ಎಚ್‌ಐವಿ ಔಷಧ ಕೊಟ್ಟರೆ ಅಪಾಯ ಮೂರರಲ್ಲಿ ಎರಡು ಪಾಲು ಇಳಿಯುತ್ತದೆ ಎಂದು 1994ರಲ್ಲೇ ಗೊತ್ತಾಯಿತು. ಹಾಗಾಗಿ ಇಂಥ ಮಕ್ಕಳೇ ಈಗ ಹೆಚ್ಚು. ವೈರಸ್ ವಿರುದ್ಧ ತಾಯಿಯ ಮೈ ಕಟ್ಟಿದ ಪ್ರತಿಕಾಯಗಳು ಕೂಸಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದು; ಅವನ್ನು ಹುಡುಕುವ ಮಾಮೂಲಿ ಪರೀಕ್ಷೆ ಸೋಂಕಿಲ್ಲದ ಕೂಸಿಗೂ ‘ಇದೆ’ ಎಂದೀತು. ಅದಕ್ಕೇ 6 ವಾರಕ್ಕೆ ವೈರಸ್‌ನ ಪರೀಕ್ಷೆ ಶುರುವಾದರೂ ಕೊನೆಯ ಮಾತು 18 ತಿಂಗಳಿಗೆ. ಅಲ್ಲಿಯವರೆಗೆ ತಾಯಿ ಈ ಪದವನ್ನು ಎದೆಯಲ್ಲಿಟ್ಟುಕೊಂಡೇ ದಿನ ನೂಕುತ್ತಾಳೆ.

‘ಇಲ್ಲ’ ಎಂದು ರಿಪೋರ್ಟ್ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಸೋಂಕಿಲ್ಲದ ತಾಯಂದಿರ ಮಕ್ಕಳಿಗೆ ಹೋಲಿಸಿದರೆ ಈ ಮಕ್ಕಳಲ್ಲಿ ದಿನ ತುಂಬದ ಹೆರಿಗೆ, ಕಡಿಮೆ ತೂಕ, ಮೊದಲ ವರ್ಷ ಆಸ್ಪತ್ರೆ ಸೇರುವುದು ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಅದು ಮಾತ್ರೆಯಿಂದಲೋ, ತಾಯಿಯ ಕಾಯಿಲೆಯಿಂದಲೋ, ಬಡತನದಿಂದಲೋ, ಬಿಡಿಸುವುದು ಕಷ್ಟ. ಜಿಡೊವುಡಿನ್‌ನಿಂದ ರಕ್ತ ಕಡಿಮೆಯಾಗುವುದುಂಟು, ಬಹುಪಾಲು ತಾನಾಗಿ ಸರಿಹೋಗುತ್ತದೆ. 2018ರಲ್ಲಿ ಆಫ್ರಿಕಾದ ಬೋಟ್ಸ್‌ವಾನಾದಿಂದ ಡೊಲುಟೆಗ್ರಾವಿರ್ ಎಂಬ ಇನ್ನೊಂದು ಎಚ್‌ಐವಿ ಮಾತ್ರೆಯ ಬಗ್ಗೆ, ಮಗುವಿನ ಮಿದುಳು-ಬೆನ್ನುಹುರಿಯ ಹುಟ್ಟುದೋಷದ ಭಯ ಎದ್ದಿತ್ತು. ಹೆಚ್ಚು ಹೆರಿಗೆಗಳನ್ನು ಲೆಕ್ಕ ಹಾಕಿದ ಮೇಲೆ ಅದು ಕರಗಿತು. ಮಾತ್ರೆ ಬಿಡಲು ಇದ್ಯಾವುದೂ ಕಾರಣವಲ್ಲ. ಮಗುವಿನ ತೂಕ, ನಡಿಗೆ, ಮಾತು ಗಮನಿಸುತ್ತಿರಬೇಕು, ಅಷ್ಟೆ. ಪದ ಹೆದರಿಸಿದರೆ ತಾಯಿ ಗುಳಿಗೆ ಬಿಡುತ್ತಾಳೆ; ಏನೂ ಆಗಿಲ್ಲ ಎಂಬಂತಿದ್ದರೆ ತೂಕ ಹಾಕಿಸಲು ಬರುವುದಿಲ್ಲ.

ನಮ್ಮ ಕಡೆಯ ಒಬ್ಬ ತಾಯಿಗೆ ಇದನ್ನೆಲ್ಲ ವಿವರಿಸಿದೆ. ಆಕೆ ಕೇಳಿ, “ಅಂದ್ರ ದವಾ ತಾಗ್ಯಾದ, ಬ್ಯಾನಿ ಹತ್ತಿಲ್ಲ, ಹೌದಿಲ್ರಿ?” ಅಂದಳು. ಎರಡು ದಿನದಿಂದ ನಾನು ಹುಡುಕುತ್ತಿದ್ದುದು ಇದೇ ಎನಿಸಿತು. ತಾಗುವುದು ತಾಗಿ ಹೋಗುವಂಥದ್ದು. ಹತ್ತುವುದು ಹಿಡಿದು ಕೂರುವಂಥದ್ದು. ನೆಗಡಿ ಹತ್ತುತ್ತದೆ, ಬೆಂಕಿ ಹತ್ತುತ್ತದೆ. ಗಾಳಿ ತಾಗುತ್ತದೆ.

ಸದ್ಯಕ್ಕೆ ‘ಬಸಿರಲ್ಲಿ ಔಷಧ ತಾಗಿದ, ಸೋಂಕು ಹತ್ತದ ಮಗು’ ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು, ಗೊತ್ತು. ನನ್ನ ಅಳುಕು ಬೇರೆ: ದೃಷ್ಟಿಯೂ ತಾಗುತ್ತದಲ್ಲ, ಕೇಡಿನ ವಾಸನೆ ಬರುತ್ತದೆಯೇ? ಹಳೆ ಮೈಸೂರಿನವರಿಗೆ ‘ಹತ್ತದ’ ಎಂದರೆ ಏರದ ಎಂದು ತೋರೀತೇ, ಅಲ್ಲಿಗೆ ‘ತಗುಲದ’ ವಾಸಿಯೇ? ಬೀದರ, ಔರಾದ, ಶಹಾಪುರದ ಕಡೆಯವರು ಮನೆಯ ಹೆಂಗಸರನ್ನು ಕೇಳಿ ಬರೆದರೆ ಹೆಚ್ಚು ಉಪಕಾರ.