‘ಎ ಟೀಮಿಗೆ ತಗೊಂಡರು, ಬಿ ಟೀಮಿಗೆ ಹಾಕಿದರು’: ಇದಕ್ಕೆ ಸರಿಯಾದ ಕನ್ನಡ ಯಾವುದು?

ಎಲ್ಲರಿಗೂ ನಮಸ್ಕಾರ. ಎರಡು ಮೂರು ಪದಗಳ ಬಗ್ಗೆ ನಿಮ್ಮ ಸಹಾಯ ಬೇಕಿತ್ತು.

ಬಳ್ಳಾರಿಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಒಂದು ಸಣ್ಣ ಕ್ಲಬ್ಬಿಗೆ ನೋಟಿಸು, ಫಾರಂ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಇಷ್ಟು ದಿನ ಎಲ್ಲ ಇಂಗ್ಲಿಷಿನಲ್ಲೇ ಇತ್ತು. ಬರುವ ಮಕ್ಕಳಲ್ಲಿ ಎಷ್ಟೋ ಜನರ ಮನೆಮಾತು ತೆಲುಗು, ಇನ್ನೆಷ್ಟೋ ಜನರದ್ದು ಉರ್ದು, ಆದರೆ ನೋಟಿಸು ಓದುವುದು ಅಂತ ಬಂದರೆ ಹೆಚ್ಚಿನವರಿಗೆ ಕನ್ನಡವೇ ಸಲೀಸು. ಹಾಗಾಗಿ ಈ ಸಲ ಕನ್ನಡದಲ್ಲೇ ಹಾಕೋಣ ಅಂತ ಆಯಿತು.

ನಡೆಯುವುದು ಇಷ್ಟೇ. ಸೀಸನ್ ಶುರುವಾಗುವ ಮುಂಚೆ, ಬಿಸಿಲು ಏರುವಷ್ಟರಲ್ಲಿ ಮುಗಿಯಲಿ ಅಂತ ಬೆಳಿಗ್ಗೆ ಆರಕ್ಕೇ ಮಕ್ಕಳನ್ನು ಮೈದಾನಕ್ಕೆ ಕರೆಸುತ್ತಾರೆ. ಕೋನ್ ಇಟ್ಟು ಅವುಗಳ ನಡುವೆ ಚೆಂಡು ಓಡಿಸಲು ಹೇಳುತ್ತಾರೆ, ಎರಡೂ ಕಾಲಲ್ಲಿ ಪಾಸ್ ಕೊಡಿಸುತ್ತಾರೆ, ಆಮೇಲೆ ಐದೈದು ಜನರ ಸಣ್ಣ ಮ್ಯಾಚು. ಚೆಂಡು ಕಾಲಲ್ಲಿ ಇಲ್ಲದಾಗ ಹುಡುಗ ಎಲ್ಲಿ ನಿಲ್ಲುತ್ತಾನೆ ಅನ್ನುವುದನ್ನೇ ಕೋಚ್ ಜಾಸ್ತಿ ನೋಡುವುದು. ಕೊನೆಗೆ ಯಾರು ಯಾವ ಟೀಮಿಗೆ ಅಂತ ಪಟ್ಟಿ ಅಂಟಿಸುತ್ತಾರೆ. ಯಾರನ್ನೂ ಮನೆಗೆ ಕಳಿಸುವುದಿಲ್ಲ, ಎಲ್ಲರಿಗೂ ಒಂದಲ್ಲ ಒಂದು ಟೀಮು ಇದ್ದೇ ಇರುತ್ತದೆ. ತೊಡಕು ಇರುವುದೇ ಇಲ್ಲಿ.

ಇದನ್ನು ‘ಆಯ್ಕೆ’ ಅನ್ನಬಹುದಾ? ಕ್ರೀಡಾ ಇಲಾಖೆಯವರು ಕ್ರೀಡಾ ವಸತಿ ನಿಲಯಗಳಿಗೆ ಮಕ್ಕಳನ್ನು ತೆಗೆದುಕೊಳ್ಳುವಾಗ ಪೇಪರಿನಲ್ಲಿ ‘ಆಯ್ಕೆ ಪ್ರಕ್ರಿಯೆ’ ಅಂತ ಬರುತ್ತದೆ. ಅಲ್ಲಿ ಅದು ಸರಿ, ಸೀಟು ಇರುವುದೇ ಇಷ್ಟು. ತೋರಣಗಲ್ಲು ಕಡೆ ಜಿಂದಾಲ್‌ನವರ ಕ್ರೀಡಾ ತರಬೇತಿ ಕೇಂದ್ರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ 2018ರಲ್ಲಿ ಶುರುವಾದ ಮೇಲೆ ಈ ಭಾಗದ ತಂದೆ ತಾಯಿಗಳಿಗೆ ‘ಸೆಲೆಕ್ಷನ್’ ಅನ್ನುವ ಮಾತು ಇನ್ನೂ ಚೆನ್ನಾಗಿ ಗೊತ್ತು. ಆದರೆ ಆಯುವುದು ಅಂದರೆ ಆರಿಸಿ ತೆಗೆಯುವುದು ತಾನೆ? ಆರಿಸಿದ ಮೇಲೆ ಉಳಿದ ಮಕ್ಕಳು ಮೊರದ ಮೂಲೆಯ ಕಲ್ಲಿನ ಹಾಗೆ ಆಗಿಬಿಡುತ್ತಾರೆ. ಎಲ್ಲರಿಗೂ ಜಾಗ ಇರುವ ಕಡೆ ಈ ಪದ ಹಾಕಿ ಸುಮ್ನೆ ಹೆದರಿಸುವುದು ಯಾಕೆ?

‘ಆಯ್ಕೆ ಶಿಬಿರ’ ಅಂತ ಬರೆದು ಒಬ್ಬ ತಾಯಿಗೆ ತೋರಿಸಿದೆ. ‘ರಾತ್ರಿ ಅಲ್ಲೇ ಮಲಗಬೇಕೇನ್ರಿ ಸರ್, ಹಾಸಿಗೆ ಕೊಟ್ಟು ಕಳಿಸಬೇಕಾ?’ ಅಂದರು. ‘ಪರೀಕ್ಷೆ’ ಅಂದರೆ ಕೇಳುವುದೇ ಬೇಡ. ‘ಟ್ರಯಲ್ಸ್’ ಅನ್ನುವುದು ಎಲ್ಲರ ಬಾಯಲ್ಲೂ ಇದೆ, ಅದನ್ನೇ ಇಡೋಣ ಅನ್ನಿಸುತ್ತದೆ, ಆದರೆ ಗಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ ಟ್ರಯಲ್ ಬಾಲ್ ಅಂದರೆ ಔಟಾದರೂ ಲೆಕ್ಕಕ್ಕಿಲ್ಲದ ಬಾಲು. ಒಬ್ಬ ಅದನ್ನೇ ನಂಬಿಕೊಂಡು ಇಡೀ ಬೆಳಿಗ್ಗೆ ತಮಾಷೆಗೆ ಆಡಿದ. ತಪ್ಪು ಅವನದಲ್ಲ ಬಿಡಿ.

ಇದಕ್ಕಿಂತ ಕಷ್ಟದ್ದು ಎರಡನೆಯದು, ಯಾವ ಮಗು ಯಾವ ಟೀಮಿಗೆ ಅನ್ನುವುದಕ್ಕೆ ಪದ. ‘ಪ್ಲೇಸ್‌ಮೆಂಟ್’ ಅಂದರೆ ನಮ್ಮಲ್ಲಿ ಇಂಜಿನಿಯರಿಂಗ್ ಕಾಲೇಜಿನವರು ಕೊಡಿಸುವ ಕೆಲಸ. ‘ಸೇರ್ಪಡೆ’ ಅಂದರೆ ಪಕ್ಷ ಬಿಟ್ಟು ಪಕ್ಷಕ್ಕೆ ಹೋಗುವುದು. ‘ನಿಯೋಜನೆ’ ಮೇಷ್ಟರುಗಳಿಗೆ ಬಿಟ್ಟದ್ದು. ‘ತಂಡ ಹಂಚಿಕೆ’ ಪರವಾಗಿಲ್ಲ, ಸ್ವಲ್ಪ ನಿವೇಶನ ಹಂಚಿಕೆಯ ವಾಸನೆ ಬರುತ್ತದೆ ಅಷ್ಟೆ.

ಹೀಗೆ ಹುಡುಕುತ್ತಾ ಜನ ಏನು ಅನ್ನುತ್ತಾರೆ ಅಂತ ಕಿವಿಗೊಟ್ಟೆ. ಮೈದಾನದ ಗೇಟಿನ ಹತ್ತಿರ ನಿಂತವರೆಲ್ಲ ‘ಎ ಟೀಮಿಗೆ ತಗೊಂಡರು’ ಅನ್ನುತ್ತಾರೆ, ‘ಬಿ ಟೀಮಿಗೆ ಹಾಕಿದರು’ ಅನ್ನುತ್ತಾರೆ. ‘ಬಿ ಟೀಮಿಗೆ ತಗೊಂಡರು’ ಅಂತ ಒಬ್ಬರ ಬಾಯಲ್ಲೂ ಬರುವುದಿಲ್ಲ. ಬಂದರೂ ‘ಬಿ ಟೀಮಿಗಾದರೂ ತಗೊಂಡರಲ್ಲ’ ಅಂತ ಬರುತ್ತದೆ. ಸಿಟ್ಟು ಜಾಸ್ತಿ ಇದ್ದರೆ ‘ಹಾಕಿಬಿಟ್ಟರು’. ಮೊನ್ನೆ ಒಬ್ಬರು ‘ತಳ್ಳಿದರು’ ಅಂದರು. ಪಟ್ಟಿಯಲ್ಲಿ ಇರುವುದು ಬರೀ ಹೆಸರು, ಮೇಲು ಕೀಳು ಎಲ್ಲ ಕ್ರಿಯಾಪದದಲ್ಲೇ ಕೂತಿದೆ. ಅದರ ಮೇಲೆ ಈ ‘ಬಿ ಟೀಮ್’ ನಮ್ಮ ರಾಜ್ಯದಲ್ಲಿ ರಾಜಕೀಯದ ಬೈಗುಳ ಬೇರೆ. ಎ, ಬಿ ತೆಗೆದು ಕೆಂಪು ಟೀಮು, ಹಳದಿ ಟೀಮು ಅಂತ ಇಟ್ಟರೂ ಅಷ್ಟೇ, ಪಟ್ಟಿ ಅಂಟಿಸಿ ಗೋಂದು ಒಣಗುವ ಮೊದಲೇ ‘ಕೆಂಪು ಅಂದ್ರೆ ಎ ಟೀಮೇನ್ರಿ?’ ಅಂತ ಕೇಳುತ್ತಾರೆ.

ಮಕ್ಕಳಲ್ಲಿ ಇದಕ್ಕೆ ಬೇರೆಯೇ ಮಾತಿದೆ. ತೀರಾ ಚಿಕ್ಕವರನ್ನು ಸೇರಿಸಿಕೊಂಡಾಗ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ನೋಟಿಸಿನಲ್ಲಿ ಬರೆಯುವಂಥದ್ದಲ್ಲ, ಬಿ ಟೀಮಿನ ಹುಡುಗರು ತಮ್ಮ ಬಗ್ಗೆ ತಾವೇ ಹಾಗೆ ಹೇಳಿಕೊಂಡು ನಗುತ್ತಾರೆ.

ಮೂರನೆಯದು ವಯಸ್ಸು. ‘13 ವರ್ಷದೊಳಗಿನವರು’ ಅಂತ ಪೇಪರಿನವರು ಬರೆಯುತ್ತಾರೆ, ನಾನೂ ಹಾಗೇ ಬರೆಯುತ್ತಿದ್ದೆ. ಕೇಳಿದವರು ವಾಪಸ್ ಕೇಳುವುದು ಒಂದೇ: ‘13 ತುಂಬಿರಬಾರದಾ, 13 ನಡೀತಿದ್ದರೆ ನಡೆಯುತ್ತಾ?’ ತುಂಬುವುದು, ನಡೆಯುವುದು ಅಂತ ನಾವು ಇಷ್ಟು ಚೆನ್ನಾಗಿ ಬೇರೆ ಮಾಡಿ ಹೇಳುತ್ತೇವೆ, ‘ಒಳಗಿನ’ ಅನ್ನುವ ಪದ ಆ ವ್ಯತ್ಯಾಸವನ್ನೇ ನುಂಗಿಹಾಕುತ್ತದೆ. ಫುಟ್‌ಬಾಲಿನಲ್ಲಿ ಸಾಮಾನ್ಯವಾಗಿ ಹುಟ್ಟಿದ ಇಸವಿಯ ಲೆಕ್ಕ. 2017ರ ಅಕ್ಟೋಬರಿನಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪನ್ನೇ ನೋಡಿ. 2000ದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಆಡಬಹುದಿತ್ತು. ಅಂದರೆ ಆ ಜನವರಿಯಲ್ಲಿ ಹುಟ್ಟಿದ ಹುಡುಗನಿಗೆ 17 ತುಂಬಿ, 18 ನಡೆಯುತ್ತಿತ್ತು. ಅವನು 17ರ ಒಳಗೆ ಹೇಗಾದ? ಅಮೆರಿಕದ ದೊಡ್ಡ ಯೂತ್ ಫುಟ್‌ಬಾಲ್ ಸಂಸ್ಥೆಗಳು ಶಾಲೆಯ ತರಗತಿಗೆ ಹೊಂದಲಿ ಅಂತ 2026-27ರ ಸೀಸನ್ನಿನಿಂದ ಈ ಗಡಿಯನ್ನು ಆಗಸ್ಟ್ 1ಕ್ಕೆ ಸರಿಸುತ್ತಿವೆ. ನಮ್ಮಲ್ಲಿ ಶಾಲೆಗೆ ಸೇರಿಸುವ ಲೆಕ್ಕ ಜೂನ್ 1ರದ್ದು. ಹಳ್ಳಿ ಕಡೆ ಹೆಡ್‌ಮಾಸ್ತರು ಕೊಟ್ಟ ಜೂನ್ 1ರ ಹುಟ್ಟುಹಬ್ಬ ಎಷ್ಟು ಜನರದ್ದಿದೆಯೋ, ಅದು ಬೇರೆ ಕಥೆ. ಫಿಫಾದವರು 2009ರಿಂದ 17ರ ವಿಶ್ವಕಪ್ಪಿನಲ್ಲಿ ಹುಡುಗರ ವಯಸ್ಸು ನಿಜವಾ ಅಂತ ನೋಡಲು ಮಣಿಕಟ್ಟಿನ ಎಂಆರ್‌ಐ ಮಾಡಿಸುವುದು ಸುಮ್ನೆ ಅಲ್ಲ.

ಗುಂಪು ಹಂಚುವಾಗಲೂ ಇದು ಕಾಡುತ್ತದೆ. ಒಂದೇ ಇಸವಿಯ ಜನವರಿ ಹುಡುಗ, ಡಿಸೆಂಬರ್ ಹುಡುಗ ಅಕ್ಕಪಕ್ಕ ನಿಂತರೆ ಹೆಗಲಿನ ಎತ್ತರವೇ ಬೇರೆ, ಮೊದಲ ಟೀಮಿಗೆ ಹೋಗುವವರಲ್ಲಿ ವರ್ಷದ ಮೊದಲ ತಿಂಗಳುಗಳವರು ಜಾಸ್ತಿ ಅನ್ನುವುದು ಎಷ್ಟೋ ದೇಶಗಳಲ್ಲಿ ಕಂಡ ಮಾತು. ಅದನ್ನು ನೋಟಿಸಿನಲ್ಲಿ ಹೇಳಲಾಗದು, ಪಟ್ಟಿ ನೋಡಿ ಮುಖ ಸಪ್ಪಗೆ ಮಾಡಿಕೊಂಡ ಅಪ್ಪಂದಿರಿಗೆ ಹೇಳಬಹುದು.

ಸದ್ಯಕ್ಕೆ ನಾನು ಬರೆದಿರುವುದು ಹೀಗಿದೆ: ‘ಮಕ್ಕಳ ಆಟ ನೋಡಿ ತಂಡ ಮಾಡುವ ದಿನ. 2013ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬರಬಹುದು. ಬಂದವರಿಗೆಲ್ಲ ತಂಡ ಉಂಟು. ಯಾರು ಯಾವ ತಂಡದಲ್ಲಿ ಆಡುತ್ತಾರೆ ಅನ್ನುವುದನ್ನು ಭಾನುವಾರ ತಿಳಿಸುತ್ತೇವೆ.’ ‘ತಗೊಂಡರು’, ‘ಹಾಕಿದರು’ ಎರಡೂ ಬೇಡ ಅಂತ ‘ಆಡುತ್ತಾರೆ’ ಅಂದಿದ್ದೇನೆ. ಕೋಚಿಗೆ ಇದು ಉದ್ದ ಆಯಿತಂತೆ, ಬ್ಯಾನರಿಗೆ ಎರಡೇ ಪದ ಬೇಕಂತೆ.

ರಾಯಚೂರು, ಕೊಪ್ಪಳ ಕಡೆಯ ಪಿಟಿ ಮೇಷ್ಟರುಗಳು ಯಾರಾದರೂ ಇದ್ದರೆ, ತಾಲ್ಲೂಕು ಮಟ್ಟದ ಆಟಕ್ಕೆ ಮಕ್ಕಳನ್ನು ಗುಂಪು ಮಾಡುವಾಗ ನೀವು ಬಾಯಲ್ಲಿ ಏನು ಅನ್ನುತ್ತೀರಿ ತಿಳಿಸಿ. ಕಾಗದದಲ್ಲಿ ಬರೆಯುವುದು ಬೇಡ, ಮೈದಾನದಲ್ಲಿ ಕೂಗಿ ಹೇಳುವ ಮಾತು ಬೇಕು. ಬ್ಯಾನರ್ ಅಂಗಡಿಯವನು ಶುಕ್ರವಾರ ಸಂಜೆ ತನಕ ಕಾಯುತ್ತೇನೆ ಅಂದಿದ್ದಾನೆ.